ಅವ್ವನ ಹುಳದ ಮನೆ

ನಮ್ಮ ಅಪ್ಪ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ. ಅದಾದ ಒಂದೂವರೆ ವರ್ಷಕ್ಕೆ ಅಮ್ಮನೂ ಜ್ವರ ಬಂದು ಹೋದಳು. ಆಗ ನನಗೆ ಒಂಬತ್ತು, ತಂಗಿಗೆ ಆರು. ಆಮೇಲೆ ನಮ್ಮನ್ನು ಸಾಕಿದ್ದು ಅಪ್ಪನ ತಾಯಿ. ತೆಲುಗು ಬೆರೆತ ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತೇವೆ. ಶಿಡ್ಲಘಟ್ಟದಿಂದ ಎರಡು ಹರದಾರಿ ದೂರದ ಹಳ್ಳಿ ನಮ್ಮದು. ಒಂದು ಎಕರೆ ಹಿಪ್ಪುನೇರಳೆ, ಅದರ ತಲೆಗೆ ಒಂದು ಹಳೆಯ ಬಾವಿ, ಎರಡು ಅಂಕಣದ ಮನೆ. ಒಂದು ಅಂಕಣ ರೇಷ್ಮೆ ಹುಳಕ್ಕೆ, ಇನ್ನೊಂದು ನಮಗೆ. ದೊಡ್ಡ ಅಂಕಣ ಹುಳದ್ದು.

ಅಮ್ಮನ ಹನ್ನೊಂದನೆಯ ದಿನ ನೆಂಟರೆಲ್ಲ ಜಗಲಿಯ ಮೇಲೆ ಕೂತು ನಮ್ಮಿಬ್ಬರ ವಿಚಾರ ಮಾತಾಡಿದ್ದು ನನಗೆ ನೆನಪಿದೆ. ಸೋದರಮಾವ ಚಿಂತಾಮಣಿಯವನು, ಅಲ್ಲಿ ತರಕಾರಿ ಮಂಡಿ ಇಟ್ಟಿದ್ದ. ಅಪ್ಪನ ಒಡಹುಟ್ಟಿದ ಅತ್ತೆಯನ್ನು ಗೌರಿಬಿದನೂರಿಗೆ ಕೊಟ್ಟಿತ್ತು.

"ಹುಡುಗನ್ನ ನಾನು ಕರ್ಕೊಂಡ್ಹೋಗ್ತೀನಿ. ಮಂಡೀಲಿ ಕೆಲಸ ಕಲೀತಾನೆ. ಹುಡುಗಿ ಗೌರಿಬಿದನೂರಲ್ಲಿ ಅವರತ್ತೆ ಹತ್ರ ಇರ್ಲಿ" ಎಂದ ಮಾವ. ಆಮೇಲೆ ಅವ್ವನ ಕಡೆ ತಿರುಗಿದ. "ಅತ್ತೆ, ನಿಮಗೂ ವಯಸ್ಸಾಯ್ತು. ನಿಮ್ಮನ್ನೇ ನೋಡ್ಕೊಳೋರು ಬೇಕು."

ಅವ್ವ ಕಂಬಕ್ಕೆ ಒರಗಿ ಕೂತಿದ್ದವಳು ಎದ್ದು ನಿಂತಳು.

"ಏನಪ್ಪ, ಹಸಿವಾದ್ರೆ ಬಾಯಿಬಿಟ್ಟು ಹೇಳ್ದೇ ಇರೋ ಹುಳಾನ ನಲವತ್ತು ವರ್ಷದಿಂದ ಸಾಕ್ತಾ ಇದೀನಿ. ಕೂಗಿ ಕೇಳೋ ಮಕ್ಕಳನ್ನ ಸಾಕಕ್ಕಾಗಲ್ವಾ ನನಗೆ?"

ಯಾರೋ ನಕ್ಕರು. ಮಾವ ನಗಲಿಲ್ಲ. "ನಿಮ್ಮ ಕೈಯಲ್ಲಿ ಹುಳ ಆಗೋವರ್ಗೂ ಸರಿ. ಅದು ತಪ್ಪಿದ ದಿನ ನಾನು ಬರ್ತೀನಿ" ಎಂದು ಹೇಳಿ ಎದ್ದ. ಕೆಟ್ಟವನಲ್ಲ ಮಾವ. ತನ್ನ ತಂಗಿಯ ಮಕ್ಕಳು ಹಸಿದಾವೆಂಬ ಭಯ ಅವನದು. ಆದರೆ ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅವ್ವನ ಕೈಯಲ್ಲಿ ಹುಳ ಕೆಟ್ಟರೆ ನಾನೊಂದು ಕಡೆ, ತಂಗಿಯೊಂದು ಕಡೆ.

ಹುಳ ಕೆಡುವ ಕೈಯಲ್ಲ ಅದು. ಅವ್ವನ ಬೆನ್ನು ಬಾಗಿತ್ತು, ಮೊಣಕಾಲು ಹಿಡಿದುಕೊಂಡಿದ್ದವು, ಆದರೆ ಬೆರಳು ಮಾತ್ರ ಎಳೆಯವಳ ಬೆರಳು. ಮೊಟ್ಟೆ ಒಡೆದು ಹೊರಬರುವ ಹುಳ ಇರುವೆಗಿಂತ ಸಣ್ಣದು, ಕಪ್ಪು ಕೂದಲಿನ ಚೂರಿನಂತೆ. ಅದನ್ನು ಕೋಳಿ ಪುಕ್ಕದಿಂದ ಸವರಿ ತಟ್ಟೆಗೆ ಇಳಿಸಬೇಕು. ಸ್ವಲ್ಪ ಒತ್ತಿದರೆ ಸತ್ತೇಹೋಗುತ್ತದೆ. ಊರಿನ ಹತ್ತಾರು ಮನೆಯವರು ಮೊದಲ ದಿನದ ಈ ಕೆಲಸಕ್ಕೆ ಅವ್ವನನ್ನೇ ಕರೆಯುತ್ತಿದ್ದರು. ಅವ್ವನ ಪುಕ್ಕ ತಗುಲಿದ ಹುಳ ಗೂಡು ಕಟ್ಟದೆ ಬಿಡುವುದಿಲ್ಲ ಎಂಬ ಮಾತಿತ್ತು. ಅವ್ವ ಬೀದಿಯಲ್ಲಿ ನಡೆದು ಹೋಗುತ್ತಿದ್ದರೆ ಪುಕ್ಕವನ್ನು ತುರುಬಿಗೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅವಳ ಹಿಂದೆ ನಾವಿಬ್ಬರು. ಯಾವ ಮನೆಯ ಮಕ್ಕಳಿಗೂ ಆ ಬೀದಿಯಲ್ಲಿ ಅಷ್ಟು ಬಿಂಕ ಇರಲಿಲ್ಲ.

ಹುಳದ ಮನೆಗೆ ಅವ್ವನ ಕಟ್ಟಳೆಗಳು ಬಹಳ. ಕಾಲು ತೊಳೆಯದೆ ಒಳಗೆ ಬರಬಾರದು. ಒಲೆಯ ಮೇಲೆ ಮೆಣಸಿನಕಾಯಿ ಹುರಿಯಬಾರದು. ಸಾವಿನ ಮನೆಗೆ, ಬಾಣಂತಿ ಮನೆಗೆ ಹೋದವರು ಹೊಸಿಲು ದಾಟಬಾರದು. ಎಲ್ಲಕ್ಕಿಂತ ದೊಡ್ಡದು ಹೊಗೆಸೊಪ್ಪು. ಅದರ ವಾಸನೆ ಹತ್ತಿದರೂ ಹುಳಕ್ಕೆ ವಿಷ. ಅವ್ವ ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುತ್ತಿದ್ದವಳು. ಆದರೆ ಮೊಟ್ಟೆ ತಂದ ದಿನ ಅದನ್ನು ಬಿಟ್ಟರೆ ಮತ್ತೆ ಬಾಯಿಗೆ ಹಾಕುತ್ತಿದ್ದುದು ಗೂಡು ಬಿಡಿಸಿ ಮಾರಿದ ಮೇಲೆ. ತಿಂಗಳ ಮೇಲೆ ಬಾಯಿ ಕಟ್ಟಿ ಇರಬೇಕು. ಹುರಿದ ಹುಣಸೆ ಬೀಜ ಅಗಿಯುತ್ತ, ಕಂಡವರ ಮೇಲೆ ರೇಗುತ್ತ ಕಾಲ ತಳ್ಳುತ್ತಿದ್ದಳು. ಗೂಡು ಮಾರಿದ ಸಂಜೆ ಜಗಲಿಯ ಮೇಲೆ ಕೂತು ಹೊಗೆಸೊಪ್ಪಿನ ಚೂರನ್ನು ದವಡೆಗೆ ಇಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ಏನು ಕೇಳಿದರೂ ಕೊಡುತ್ತಾಳೆಂದು ನಮಗಿಬ್ಬರಿಗೂ ಗೊತ್ತಿತ್ತು. ತಂಗಿಯ ಮೊದಲ ಸ್ಲೇಟು ಅಂಥ ಒಂದು ಸಂಜೆಯದು.

ನಮ್ಮನ್ನು ಸಾಕುವುದರಲ್ಲೂ ಅವ್ವ ಹುಳದ ದಾರಿಯನ್ನೇ ಹಿಡಿದಿದ್ದಳು. ಹುಳ ಪೊರೆ ಬಿಡುವಾಗ ಒಂದು ದಿನ ತಿನ್ನದೆ ಮಲಗುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ನಾನೋ ತಂಗಿಯೋ ಮೈ ಬಿಸಿಯಾಗಿ ಮಲಗಿದರೆ ಅವ್ವ ಹೆದರುತ್ತಿರಲಿಲ್ಲ. "ಮಲಗ್ಲಿ ಬಿಡು. ಜ್ವರ ಎದ್ದ ಮೇಲೆ ನೋಡು, ಎರಡರಷ್ಟು ತಿಂತಾನೆ, ಒಂದು ಗೇಣು ಬೆಳೀತಾನೆ" ಎನ್ನುತ್ತಿದ್ದಳು. ಎದ್ದ ದಿನ ಮುದ್ದೆಯ ಮೇಲೆ ಮುದ್ದೆ ಇಡುತ್ತಿದ್ದಳು. ತಾಯಿಯಿಲ್ಲದ ಮಕ್ಕಳು ಸೊರಗಿವೆ ಎಂದು ಒಬ್ಬರೂ ಬೆರಳು ತೋರಿಸಲಿಲ್ಲ. ನಮ್ಮ ಬಟ್ಟೆಗೆ ತೇಪೆಯಿತ್ತು, ಕೊಳೆಯಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವ್ವನಿಗೆ ಸೊಪ್ಪು ಕೊಯ್ಯಲು ಜನ ಬೇಕೆಂದು ಬಿಟ್ಟೆ ಎಂದು ಊರಲ್ಲಿ ಹೇಳುತ್ತಾರೆ. ನಿಜವಾಗಿ ನನಗೆ ಓದು ಹತ್ತಲಿಲ್ಲ. ತಂಗಿಗೆ ಹತ್ತಿತು. ಅವಳು ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಹಿಕ್ಕೆ ಗುಡಿಸಿ, ಆಮೇಲೆ ಶಾಲೆಗೆ ಓಡುತ್ತಿದ್ದಳು.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನನಗೆ ಹದಿಮೂರಾಗಿತ್ತು, ತಂಗಿಗೆ ಹತ್ತು. ಹುಳ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನ ಆಗಿತ್ತು. ಆ ಹೊತ್ತಿನಲ್ಲಿ ಹುಳದ ಹಸಿವು ನೋಡಿದವರಿಗೇ ಗೊತ್ತು. ಎಷ್ಟು ಸೊಪ್ಪು ಹಾಕಿದರೂ ಬರೀ ಕಡ್ಡಿ ಉಳಿಯುತ್ತದೆ. ಆ ದಿನಗಳಲ್ಲಿ ತಂಗಿ ಶಾಲೆಗೂ ಹೋಗುತ್ತಿರಲಿಲ್ಲ. ಒಣ ರಾಗಿ ಹುಲ್ಲಿನ ಮೇಲೆ ಯಾರೋ ಓಡಾಡುತ್ತಿರುವಂತೆ ಮನೆಯೆಲ್ಲ ಸದ್ದು. ಇನ್ನು ನಾಲ್ಕೈದು ದಿನಕ್ಕೆ ಹುಳ ಹಣ್ಣಾಗಿ ಗೂಡು ಕಟ್ಟಬೇಕು.

ದನ ಮೇಯಿಸುವ ಗೆಳೆಯರ ಜೊತೆ ಬೀಡಿ ಸೇದುವುದನ್ನು ನಾನು ಆ ವರ್ಷ ಕಲಿತಿದ್ದೆ. ಅವತ್ತು ಬೆಳಿಗ್ಗೆ ಸೊಪ್ಪಿನ ಹೊರೆ ಹೊತ್ತು ಬಂದಾಗ ಚಡ್ಡಿ ಜೇಬಿನಲ್ಲಿ ಮೂರು ಬೀಡಿ ಇದ್ದವು. ಕೊಯ್ದ ಸೊಪ್ಪನ್ನು ಬಾಡದಂತೆ ಒದ್ದೆ ಗೋಣಿತಟ್ಟಿನ ಕೆಳಗೆ ಇಡುತ್ತೇವೆ. ನಮ್ಮ ಪಡಸಾಲೆಯಲ್ಲಿ ಅಂಥ ಎರಡು ರಾಶಿ, ಮೂಡಲ ಮೂಲೆಗೊಂದು, ಪಡುವಲ ಮೂಲೆಗೊಂದು. ಆಯಾ ಕಡೆಯ ತಟ್ಟೆಗಳಿಗೆ ಆಯಾ ರಾಶಿಯ ಸೊಪ್ಪು. ನಾನು ಪಡುವಲ ರಾಶಿ ಇಳಿಸುವಾಗ ಅವ್ವ ಒಳಗಿಂದ ಬಂದಳು. ಜೇಬು ಉಬ್ಬಿದ್ದು ಕಂಡೀತೆಂದು ಬೀಡಿಗಳನ್ನು ಗೋಣಿತಟ್ಟಿನ ಮಡಿಕೆಗೆ ತೂರಿಸಿದೆ. ಅವಳು ಒಳಗೆ ಹೋದ ಮೇಲೆ ತೆಗೆದುಕೊಳ್ಳೋಣ ಎಂದುಕೊಂಡೆ. ಅಷ್ಟರಲ್ಲಿ, "ನಾಯನಾ, ಬಾವಿ ಹತ್ರ ಹಗ್ಗ ಹರೀತಂತೆ, ಓಡು" ಎಂದಳು. ನನ್ನನ್ನು ಅವಳು ಕರೆಯುತ್ತಿದ್ದುದು ಹಾಗೆ, ತೆಲುಗಿನಲ್ಲಿ ಅಪ್ಪಾ ಎಂದಂತೆ. ಓಡಿದೆ. ಹಗ್ಗ ಹೊಸೆದು, ನೀರು ಕಟ್ಟಿ, ಗೆಳೆಯರು ಸಿಕ್ಕಿ, ಮರೆತೆ.

ಮಧ್ಯಾಹ್ನ ಮನೆಗೆ ಬಂದಾಗ ಬಾಗಿಲಲ್ಲಿ ಜನ ನಿಂತಿದ್ದರು. ಒಳಗೆ ಹುಳ ಮೇಯುವ ಸದ್ದು ಅರ್ಧಕ್ಕರ್ಧ ಇಳಿದಿತ್ತು. ಅದೇ ನನ್ನನ್ನು ಮೊದಲು ಹೆದರಿಸಿದ್ದು. ಪಡುವಲ ಗೋಡೆಯ ಕಡೆಯ ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಅಲ್ಲಾಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕಿಕೊಂಡು ಮೈ ಸೆಟೆದು ಬೀಳುತ್ತಿದ್ದವು. ನಾನು ಪಡಸಾಲೆಗೆ ಹೋಗಿ ಗೋಣಿತಟ್ಟು ಎತ್ತಿದೆ. ಬೀಡಿ ನೆನೆದು ಬಿಚ್ಚಿಕೊಂಡಿದ್ದವು. ಒಳಗಿನ ಪುಡಿಯ ಕಂದು ನೀರು ಸೊಪ್ಪಿಗೆ ಇಳಿದಿತ್ತು. ಉಳಿದ ಬೀಡಿ ಎಲೆಗಳನ್ನು ಆರಿಸಿಕೊಂಡು ಹಿತ್ತಲಿಗೆ ಹೋಗಿ ತಿಪ್ಪೆಯಲ್ಲಿ ಹೂತೆ. ಕೈ ತೊಳೆದು ವಾಪಸು ಬಂದು ಜನರ ನಡುವೆ ನಿಂತೆ. ಏನಾಯ್ತು ಎಂದು ಬೇರೆಯವರ ಹಾಗೆ ನಾನೂ ಕೇಳಿದೆ.

ಪಕ್ಕದ ಮನೆಯಾಕೆ ತಂಗಿಯ ಕಡೆ ಕೈ ತೋರಿಸುತ್ತ ಅವ್ವನಿಗೆ ಹೇಳುತ್ತಿದ್ದಳು.

"ನಿನ್ನೆ ಸಂಜೆ ಮೇಗಳ ಬೀದಿ ಬಾಣಂತಿ ಮನೇಲಿದ್ಲು ದೊಡ್ಡಮ್ಮ ಇವಳು! ನಾನೇ ನೋಡ್ದೆ, ಕೂಸನ್ನ ತೊಡೆ ಮೇಲೆ ಹಾಕ್ಕೊಂಡಿದ್ಲು. ಬೆಳಗಾಗೆದ್ದು ಹುಳಕ್ಕೆ ಕೈ ಹಾಕಿದಾಳೆ."

ತಂಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ಸ್ನಾನ ಮಾಡಿದ್ದೆ ಅಕ್ಕಯ್ಯ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. "ಮನೆ ಮಗಳೇ ಮನೆ ಹುಳ ತಿಂದ್ಲು" ಎಂದಿತು ಇನ್ನೊಂದು ದನಿ.

ಅವ್ವ ಒಂದು ಹುಳವನ್ನು ಅಂಗೈಯ ಮೇಲಿಟ್ಟುಕೊಂಡು ಕಣ್ಣಿನ ಹತ್ತಿರ ಹಿಡಿದಿದ್ದಳು. ಮೂಗಿನ ಹತ್ತಿರ ತಂದಳು. ಆಮೇಲೆ ತಲೆ ಎತ್ತಿದಳು. ಅವಳು ನನ್ನ ಕಡೆ ನೋಡಿದಳೋ ಇಲ್ಲವೋ ಇವತ್ತಿಗೂ ನನಗೆ ಖಚಿತವಿಲ್ಲ. ನಾನು ನೆಲ ನೋಡುತ್ತಿದ್ದೆ.

"ಯಾರ್ರೀ ಅದು, ನನ್ನ ಮಗೂನ ಅನ್ನೋದು?" ಎಂದಳು ಅವ್ವ. "ಹಸಿರು ಕಕ್ಕಿದಾವೆ, ಕಾಣಲ್ವಾ? ಇದು ಮೈಲಿಗೆ ಅಲ್ಲ, ಹೊಗೆಸೊಪ್ಪು. ನಾನೇ ಹಾಕ್ಕೊಂಡಿದ್ದೆ. ತಡೀಲಿಲ್ಲ ಬಾಯಿ. ಬೆಳಿಗ್ಗೆ ಒಂದು ಚೂರು ಹಾಕ್ಕೊಂಡು ಅದೇ ಕೈಯಲ್ಲಿ ಸೊಪ್ಪು ಉದುರಿಸ್ದೆ. ತಪ್ಪು ನಂದು. ಹೋಗ್ರಿ ಎಲ್ಲಾ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂಗಿಯನ್ನು ಅನ್ನುವುದು ಬಿಟ್ಟರು. ಪಕ್ಕದ ಮನೆಯಾಕೆ ಹೊರಗೆ ಹೋಗುತ್ತ, "ಇಷ್ಟು ವಯಸ್ಸಾದ ಮೇಲೆ ನಾಲಿಗೆ ಚಪಲ ನೋಡು" ಎಂದು ಗಟ್ಟಿಯಾಗಿಯೇ ಹೇಳಿದಳು. ಅವ್ವನ ಬಗ್ಗೆ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಮಾವ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು.

ಜನ ಹೋದ ಮೇಲೆ ಕೆಲಸಕ್ಕೆ ಇಳಿದವಳು ತಂಗಿ. ಅಳು ಒರೆಸಿಕೊಂಡು, "ಅವ್ವ, ಮೂಡಲ ಕಡೆ ತಟ್ಟೆ ಚೆನ್ನಾಗಿವೆ. ಎರಡೂ ಕಡೆಗೆ ನಾನೇ ಸೊಪ್ಪು ಹಾಕಿದ್ದು" ಎಂದಳು.

"ಗೊತ್ತು ಕಣಮ್ಮ. ಮಾತು ಸಾಕು. ಬಾಗಿಲು ಕಿಟಕಿ ತೆಗಿ. ಗಾಳಿ ಬರ್ಲಿ."

ಸಂಜೆಯವರೆಗೆ ಇಬ್ಬರೂ ಪಡುವಲ ತಟ್ಟೆಗಳ ಸೊಪ್ಪನ್ನೆಲ್ಲ ಕಿತ್ತು ಹಾಕಿ, ಉಸಿರಾಡುವ ಹುಳವನ್ನು ಒಂದೊಂದಾಗಿ ಆರಿಸಿ, ಬೇರೆ ತಟ್ಟೆಗೆ ಹಾಕಿದರು. ಎಳೆಯ ಸೊಪ್ಪು ತರಲು ನನ್ನನ್ನು ಕಳಿಸಿದರು. ನಾನು ತೋಟಕ್ಕೂ ಮನೆಗೂ ನಾಲ್ಕು ಸಲ ಓಡಿದೆ. ಕೊನೆಯ ಸಲ ಬಂದಾಗ ಅವ್ವ ಹಿತ್ತಲಲ್ಲಿ ಆ ಗೋಣಿತಟ್ಟಿಗೆ ಬೆಂಕಿ ಹಚ್ಚುತ್ತಿದ್ದಳು. ಗೋಣಿತಟ್ಟನ್ನು ಯಾರೂ ಸುಡುವುದಿಲ್ಲ, ಒಗೆದು ಇಟ್ಟುಕೊಳ್ಳುತ್ತಾರೆ. ನಾನು ತಂದ ಸೊಪ್ಪನ್ನು ಒಳಗೆ ಇಳಿಸಿದೆ.

ಸುದ್ದಿ ಚಿಂತಾಮಣಿ ಸಂತೆಗೆ ಮುಟ್ಟಲು ಎರಡು ದಿನ ಸಾಕಾಯಿತು. ಮೂರನೆಯ ದಿನ ಬೆಳಗಿನ ಬಸ್ಸಿಗೆ ಮಾವ ಬಂದ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಜಗಲಿಯ ಮೇಲೆ ಕೂತ.

"ಅತ್ತೆ, ನಾನೇನೂ ಬಯ್ಯಕ್ಕೆ ಬಂದಿಲ್ಲ. ನೀವೇ ಹೊಗೆಸೊಪ್ಪು ಹಾಕ್ಕೊಂಡು ಹುಳ ಕೆಡಿಸಿಕೊಂಡ್ರಂತೆ, ಊರೆಲ್ಲ ಮಾತಾಡ್ತಾರೆ. ಕೈ ಹಿಡಿತ ತಪ್ಪೋ ವಯಸ್ಸು. ಈಗಲಾದ್ರೂ ನನ್ನ ಮಾತು ಕೇಳಿ. ಹುಡುಗ ನನ್ನ ಜೊತೆ ಬರ್ಲಿ. ಹುಡುಗೀನ ಗೌರಿಬಿದನೂರಿಗೆ ನಾನೇ ಬಿಟ್ಟು ಬರ್ತೀನಿ."

ನಾಲ್ಕು ವರ್ಷದ ಹಿಂದೆ ಅವನಿಗೆ ಕೊಟ್ಟ ಉತ್ತರವನ್ನು ಅವ್ವ ಈಗ ಕೊಡುವಂತಿರಲಿಲ್ಲ. ತನ್ನ ಕೈಯ ಹೆಸರನ್ನು ಅವಳೇ ಬಿಟ್ಟುಕೊಟ್ಟಿದ್ದಳು. ನಾನು ಒಂದು ಮಾತು ಹೇಳಿದ್ದರೆ ಅವಳ ಹೆಸರು ಅವಳಿಗೆ ವಾಪಸು ಬರುತ್ತಿತ್ತು. ಬಾಗಿಲ ಹಿಂದೆ ನಿಂತು ಬಾಗಿಲ ಚಿಲಕ ಹಿಡಿದುಕೊಂಡಿದ್ದೆ.

ತಂಗಿ ಹೊರಗೆ ಬಂದಳು. ಕೈಯಲ್ಲಿ ಒಂದು ತಟ್ಟೆ. ಹತ್ತು ವರ್ಷದ ಹುಡುಗಿಗೆ ಆ ತಟ್ಟೆ ಅವಳ ಅಗಲಕ್ಕಿಂತ ಅಗಲ. ಮಾವನ ಮುಂದೆ ಇಟ್ಟಳು.

"ಇವು ಸತ್ತೋಗ್ತಾವೆ ಅಂದಿದ್ರು ಮಾವ. ನೋಡಿ, ತಿಂತಾ ಇದಾವೆ. ನಾಳೆ ನಾಡಿದ್ದು ಹಣ್ಣಾಗ್ತಾವೆ. ಗೂಡು ಕಟ್ಟೋವರ್ಗೂ ಇಲ್ಲೇ ಇರಿ. ಕಟ್ಟಲಿಲ್ಲ ಅಂದ್ರೆ ನಾನೇ ಬಸ್ ಹತ್ತೀನಿ."

ಮಾವ ತಟ್ಟೆ ನೋಡಿದ, ಅವಳನ್ನು ನೋಡಿದ. "ಇವಳಿಗೆ ಮಾತು ಯಾರು ಕಲಿಸಿದ್ದು ಅತ್ತೆ?"

"ಯಾರೂ ಕಲಿಸಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ ಮಗನ ಹೊಟ್ಟೇಲಿ ಹುಟ್ಟಿದ್ದು" ಎಂದಳು ಅವ್ವ. ಮೂರು ದಿನದಲ್ಲಿ ಮೊದಲ ಸಲ ಅವಳ ದನಿ ದನಿಯಾಗಿತ್ತು.

ಮಾವ ಉಳಿದುಕೊಂಡ. ಮಂಡಿ ಬಿಟ್ಟು ನಾಲ್ಕು ದಿನ ಇದ್ದ. ಅವನೂ ಮಡಿ ಪಂಚೆ ಉಟ್ಟು ಒಳಗೆ ಬಂದು ಹಣ್ಣಾದ ಹುಳ ಆರಿಸಿದ. ಹಣ್ಣಾದ ಹುಳ ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಒಳಗೆಲ್ಲ ಬೆಳಕು ಹಾಯ್ದು ಕಾಣುತ್ತದೆ. ತಂಗಿ ಕಣ್ಣಿಗೆ ಬೆಳಕೇ ಬೇಕಿರಲಿಲ್ಲ, ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದಳು. "ಮಾವ, ಅದು ಇನ್ನೂ ಕಾಯಿ, ಬಿಡಿ" ಎಂದು ಅವನ ಕೈಯಿಂದ ಕಸಿದು ತಟ್ಟೆಗೆ ಹಾಕುತ್ತಿದ್ದಳು. ಹುಳ ಗೂಡು ಕಟ್ಟಲೆಂದು ಬಿದಿರಿನ ಸುತ್ತು ಸುತ್ತಿದ ತಟ್ಟಿಗಳನ್ನು, ಚಂದ್ರಂಕಿಗಳನ್ನು, ಅಂಗಳದಲ್ಲಿ ಒರಗಿಸಿ ಹುಳ ಬಿಟ್ಟೆವು. ಎರಡನೆಯ ದಿನ ಮೂಡಲ ಕಡೆಯವೆಲ್ಲ ಹಳದಿ ಗೂಡು. ಪಡುವಲ ಕಡೆಯವು ಅರ್ಧಕ್ಕಿಂತ ಹೆಚ್ಚು ಕಟ್ಟಿದ್ದವು. ಕೆಲವು ಗೂಡು ತೆಳು, ಆದರೆ ಗೂಡೇ.

ಮಾವ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ನಮ್ಮ ಮನೆಯಲ್ಲಿ ಉಂಡು, "ಅತ್ತೆ, ನಾನು ಹೊರಟೆ. ನಿಮ್ಮ ಮಕ್ಕಳು ನಿಮಗೇ ಇರ್ಲಿ" ಎಂದು ಹೋದ. ಬಸ್ಸಿನವರೆಗೆ ನಾನು ಅವನ ಚೀಲ ಹೊತ್ತೆ. ದಾರಿಯಲ್ಲಿ, "ಆ ಹುಡುಗಿ ಗಟ್ಟಿಗಿತ್ತಿ ಕಣೋ. ನೀನು ಗಂಡುಹುಡುಗ, ಅವರಿಬ್ಬರಿಗೂ ಆಸರೆಯಾಗಿರು" ಎಂದ. ಹೂಂ ಎಂದೆ.

ನಾವು ಬೇರೆಯಾಗಲಿಲ್ಲ. ಆದರೆ ಅದಕ್ಕೆ ತೆತ್ತವಳು ಅವ್ವ. ಮುಂದಿನ ಬೆಳೆಗೆ ಊರಿನಲ್ಲಿ ಮೊಟ್ಟೆ ಒಡೆಯುವ ದಿನ ಅವಳು ಬೆಳಿಗ್ಗೆಯೇ ಸ್ನಾನ ಮಾಡಿ, ಪುಕ್ಕ ತೊಳೆದು ಒಣಗಿಸಿ, ಜಗಲಿಯ ಮೇಲೆ ಕೂತಳು. ಯಾರೂ ಕರೆಯಲು ಬರಲಿಲ್ಲ. ಬಿಸಿಲು ಜಗಲಿಗೆ ಬಂತು. ಅವಳು ಒಳಗೆ ಜರುಗಿ ಕೂತಳು. ಪಕ್ಕದ ಮನೆಗೆ ಬೇರೆ ಬೀದಿಯ ಹೆಂಗಸೊಬ್ಬಳು ಪುಕ್ಕ ಹಿಡಿದು ಹೋದದ್ದು ನಮಗೆ ಕಾಣಿಸಿತು. ಅವ್ವ ಎದ್ದು ಪುಕ್ಕವನ್ನು ಸೂರಿಗೆ ಸಿಕ್ಕಿಸಿ, "ಸೊಪ್ಪಿಗೆ ಹೊತ್ತಾಯ್ತು, ಹೋಗಣ ನಡಿ" ಎಂದಳು ನನಗೆ. ಆ ದಿನ ತೋಟದಲ್ಲಿ ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ಆಗಲೂ ಗೊತ್ತಿತ್ತು. ನಾನು ಸೊಪ್ಪು ಕೊಯ್ದೆ. ಅವಳೂ ಕೊಯ್ದಳು.

ಅವ್ವ ಆಮೇಲೆ ಹೊಗೆಸೊಪ್ಪನ್ನು ಪೂರ್ತಿ ಬಿಟ್ಟಳು. ಹುಳ ಇಲ್ಲದ ದಿನಗಳಲ್ಲೂ ಮುಟ್ಟಲಿಲ್ಲ. ತಪ್ಪು ಮಾಡಿದವಳು ಬಿಟ್ಟಿದ್ದಾಳೆ ಎಂದುಕೊಂಡರು ಜನ. ನಾನು ಬೀಡಿಯನ್ನು ಮತ್ತೆ ಬಾಯಿಗೆ ಇಡಲಿಲ್ಲ. ಇದನ್ನು ಹೆಚ್ಚುಗಾರಿಕೆ ಎಂದು ಹೇಳುತ್ತಿಲ್ಲ.

ಅದರ ಮುಂದಿನ ವರ್ಷಗಳಲ್ಲಿ ಹುಳದ ಮನೆ ನಿಧಾನವಾಗಿ ತಂಗಿಯ ಕೈಗೆ ಬಂತು. ಶಿಡ್ಲಘಟ್ಟದಲ್ಲಿ ಮಿಡ್ಲ್ ಸ್ಕೂಲು ಮುಗಿಸಿದಳು. ಅಷ್ಟು ದೂರ ನಡೆದು ಹೋಗಿ ಬಂದು ಹುಳ ನೋಡಿದಳು. ಒಂದು ಬೆಳೆಯೂ ಕೆಡಲಿಲ್ಲ. ಅವಳಿಗೆ ಹದಿನೈದಾದಾಗ ಒಂದು ಬೆಳಿಗ್ಗೆ ಅದೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ನಮ್ಮ ಮೊಟ್ಟೆ ಒಡೆದಾವೆ ಕಣಮ್ಮ, ಒಂದು ಗಳಿಗೆ ಬಂದು ಹುಳ ಇಳಿಸಿಕೊಡ್ತೀಯಾ?" ಎಂದಳು.

ತಂಗಿ ಸೂರಿನಿಂದ ಪುಕ್ಕ ತೆಗೆದು ಅವ್ವನ ಕೈಗಿಟ್ಟಳು.

"ಬರ್ತೀವಿ ಅಕ್ಕಯ್ಯ. ಮೊದಲ್ನೇ ತಟ್ಟೆ ಅವ್ವ ಮುಟ್ಲಿ. ಆಮೇಲೆ ನಾನು. ಹಾಗಾದ್ರೆ ಬರ್ತೀವಿ."

ಪಕ್ಕದ ಮನೆಯಾಕೆ ಸೆರಗು ಸರಿ ಮಾಡಿಕೊಂಡಳು. "ಆಗ್ಲಿ ಬಿಡಮ್ಮ" ಎಂದಳು. ಅವ್ವನಿಗೆ ಆಗ ಕಣ್ಣು ಮಂಜು. ತಂಗಿ ಮೊಣಕೈ ಹಿಡಿದು ಬೀದಿಯಲ್ಲಿ ನಡೆಸಿಕೊಂಡು ಹೋದಳು. ನಾನು ಹಿಂದೆ ಹೋದೆ. ಅವ್ವನ ಬೆರಳು ಒಂದು ಹುಳವನ್ನೂ ಒತ್ತಲಿಲ್ಲ. ಆಮೇಲೆ ಊರಿನಲ್ಲಿ ಎಲ್ಲಿಗೆ ಕರೆದರೂ ಇಬ್ಬರೂ ಒಟ್ಟಿಗೇ ಹೋದರು. ನಮ್ಮ ಮನೆಯ ಆ ಇಬ್ಬರು ಹೆಂಗಸರು ಬೀದಿಯಲ್ಲಿ ನಡೆಯುವುದನ್ನು ನೋಡುವಾಗ ನನಗಾಗುತ್ತಿದ್ದ ಹೆಮ್ಮೆ ಯಾವ ಜಮೀನ್ದಾರನಿಗೂ ಆಗಿರಲಾರದು. ಆ ಹೆಮ್ಮೆಗೆ ನಾನು ಯೋಗ್ಯನಲ್ಲ ಎಂಬುದೂ ಅದರ ಜೊತೆಯಲ್ಲೇ ಇರುತ್ತಿತ್ತು.

ತಂಗಿಯನ್ನು ಮಂಡಿಕಲ್ ಕಡೆಗೆ ಕೊಟ್ಟೆವು. ಅಲ್ಲೂ ಹುಳ ಸಾಕಿದಳು. ಅರವತ್ತರ ದಶಕದ ಕೊನೆಯಲ್ಲಿ ಅವ್ವ ತೀರಿಕೊಂಡಳು. ಮಲಗಿದ್ದು ಮೂರೇ ದಿನ. ಮೂರು ದಿನವೂ ನಾನು ಪಕ್ಕದಲ್ಲಿದ್ದೆ. ಅವಳಿಗೆ ಮಾತು ಕೇಳಿಸುತ್ತಿತ್ತು. ನನ್ನ ಕೈ ಹಿಡಿದು, "ಸೊಪ್ಪು ತಂದ್ಯಾ ನಾಯನಾ?" ಎಂದು ಕೇಳುತ್ತಿದ್ದಳು. ತಂದೆ ಅವ್ವ, ಎನ್ನುತ್ತಿದ್ದೆ. ಅಷ್ಟೇ ಹೇಳಿದ್ದು.

ಹನ್ನೊಂದನೆಯ ದಿನ ಜಗಲಿ ತುಂಬ ಜನ. ಮಾವನೂ ಬಂದಿದ್ದ, ಅವನ ತಲೆಯೂ ನೆರೆತಿತ್ತು. ಎಲ್ಲರೂ ಅವ್ವನ ಗುಣಗಾನ ಮಾಡಿದರು. ತಬ್ಬಲಿ ಮಕ್ಕಳನ್ನು ದಡ ಮುಟ್ಟಿಸಿದಳು, ಊರಿಗೆಲ್ಲ ಹುಳ ಇಳಿಸಿಕೊಟ್ಟಳು ಎಂದರು. ಆಗ ಹಿರಿಯರೊಬ್ಬರು ತಾಂಬೂಲ ಮಡಿಸುತ್ತ, ಕೆಟ್ಟ ಮನಸ್ಸಿನಿಂದಲ್ಲ, "ಅಂಥಾ ಕೈ ಇನ್ನೊಂದಿಲ್ಲ. ಆವತ್ತೊಂದು ದಿನ ಹೊಗೆಸೊಪ್ಪು ತಡೀಲಾರ್ದೆ ಹಾಕ್ಕೊಂಡಳು ನೋಡಿ, ಅದೊಂದೇ ಕಪ್ಪು" ಎಂದರು.

ತಂಗಿ ಊಟಕ್ಕೆ ಎಲೆ ಹಾಕುತ್ತಿದ್ದವಳು ನಿಂತಳು.

"ಅವ್ವ ಹಾಕ್ಕೊಂಡಿರಲಿಲ್ಲ ದೊಡ್ಡಪ್ಪ."

"ಅವಳೇ ಹೇಳಿದ್ದು ಕಣಮ್ಮ."

"ಹೇಳಿದ್ದು ಹೌದು. ಹಾಕ್ಕೊಂಡಿರಲಿಲ್ಲ."

"ಮತ್ತೆ ಯಾರು?"

ತಂಗಿ ಉಳಿದ ಎಲೆಗಳನ್ನು ಹಾಕುತ್ತ ಹೋದಳು. ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ. ನನ್ನ ಮುಂದೆಯೂ ಎಲೆ ಹಾಕಿದಳು, ಅಂಚು ಸರಿ ಮಾಡಿ ನೀರು ಚಿಮುಕಿಸಿದಳು. ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ ನಾನು ಕೇಳಿಲ್ಲ. ಹಿರಿಯರು ಬೇರೆ ಮಾತಿಗೆ ಹೋದರು. ನಾನು ಊಟ ಮಾಡಿದೆ.

ಆ ಜಗಲಿಯ ಮೇಲಿದ್ದವರಲ್ಲಿ ಒಬ್ಬಿಬ್ಬರು ಇನ್ನೂ ಇದ್ದಾರೆ. ಇಲ್ಲದವರ ಮಕ್ಕಳು ಇದ್ದಾರೆ. ಇದನ್ನು ಓದಲು ಬರುವವರು ಬಾರದವರಿಗೆ ಓದಿ ಹೇಳಲಿ. ಅವ್ವ ಆ ದಿನ ಹೊಗೆಸೊಪ್ಪು ಮುಟ್ಟಿರಲಿಲ್ಲ. ಬೀಡಿ ನನ್ನದು.